ಲಕ್ರಾಸ್ ಅಂಗಣದಲ್ಲಿ ಸಂಗೀತ ನಿಂತ ಸಂಜೆ

ಏಳು ನಲವತ್ತೊಂದು

ಶನಿವಾರ ಸಂಜೆ ಏಳು ಗಂಟೆ ನಲವತ್ತೊಂದು ನಿಮಿಷಕ್ಕೆ ನಾನು ಆಟಗಾರರ ಬೆಂಚಿನ ಬಾಗಿಲು ತೆಗೆದೆ. ಗಂಟೆ ನೆನಪಿರುವುದಕ್ಕೆ ಕಾರಣವಿದೆ. ಕೆನಡಾದ ಆ ಅಂಗಣದ ನಟ್ಟನಡುವೆ ತೂಗುಬಿಟ್ಟಿದ್ದ ನಾಲ್ಕು ಮುಖದ ಗಡಿಯಾರ ನೋಡಿ, ನಮ್ಮ ಕಡೆ ಈಗ ಎಷ್ಟಾಗಿರಬಹುದು ಎಂದು ಲೆಕ್ಕ ಹಾಕುವುದು ನನಗೊಂದು ಚಟವಾಗಿತ್ತು. ಗೋಗಿಯಲ್ಲಿ ಆಗ ಭಾನುವಾರ ಬೆಳಗಿನ ಆರು ದಾಟಿತ್ತು. ನೀಲಮ್ಮನವರು ಅಂಗಡಿಯ ಶಟರ್ ಅರ್ಧ ಎತ್ತಿ, ಸಕ್ಕರೆ ಡಬ್ಬಿಗೆ ಫೋನು ಆನಿಸಿಟ್ಟು, ಮಗನ ಆಟ ನೋಡುತ್ತ ಕೂತಿರುತ್ತಾರೆ ಎಂದುಕೊಂಡೆ.

ಅವರ ಮಗ ಶರಣಬಸವ, ನಮ್ಮೆಲ್ಲರ ಶರಣು, ನಾನು ತೆಗೆದ ಬಾಗಿಲಿನಿಂದಲೇ ಅಂಗಣಕ್ಕೆ ಜಿಗಿದ. ಹೋಗುವಾಗ ಕೈಗವಸಿನಿಂದ ನನ್ನ ಭುಜ ತಟ್ಟಿ, "ಬಂದೆ ಸರ್ರ" ಎಂದ. ಎದುರಾಳಿ ತಂಡದವನೊಬ್ಬ ಓಡಿಬಂದು, ಬಲೆ ಕಟ್ಟಿದ ಕೋಲನ್ನು ತಲೆಯ ಮೇಲಿಂದ ಬೀಸಿ ಚೆಂಡು ಎಸೆದ. ಶರಣು ಪಕ್ಕಕ್ಕೆ ಸರಿಯಲಿಲ್ಲ. ಎದೆ ಕೊಟ್ಟು ಮುಂದೆ ನುಗ್ಗಿದ. ಚೆಂಡು ಅವನ ಎದೆಗೆ ಬಡಿದ ಸದ್ದು ನನಗೆ ಕೇಳಲಿಲ್ಲ. ಈ ಆಟದಲ್ಲಿ ಆಟ ನಡೆಯುತ್ತಿರುವಾಗಲೂ ಕಿವಿ ಗುಂಯ್‌ಗುಡುವಷ್ಟು ಜೋರಾಗಿ ಸಂಗೀತ ಹಾಕಿರುತ್ತಾರೆ. ಅವನು ಬೆಂಚಿನ ಕಡೆ ತಿರುಗಿ ಎರಡು ಹೆಜ್ಜೆ ಇಟ್ಟ. ಒಳಗೆ ಬರುತ್ತಾನೆಂದು ನಾನು ಬಾಗಿಲು ತೆರೆದೇ ಹಿಡಿದಿದ್ದೆ.

ಆಮೇಲೆ ಬಿದ್ದ. ಹದಿನೈದು ವರ್ಷ ಕಬಡ್ಡಿ ಕಲಿಸಿದವನು ನಾನು, ಜನ ಬೀಳುವುದನ್ನು ಬಹಳ ನೋಡಿದ್ದೇನೆ. ಎಂಥವನೇ ಬೀಳಲಿ, ಕೈ ತಾನಾಗಿಯೇ ಮುಂದೆ ಬರುತ್ತದೆ. ಶರಣುವಿನ ಕೈಗಳು ಬರಲಿಲ್ಲ.

ಸಂಗೀತ ನಿಂತಿತು. ಬಂದ ದಿನದಿಂದ ಆ ಸಂಗೀತವನ್ನು ಬೈದುಕೊಳ್ಳುತ್ತಿದ್ದವನು, ಅದು ಮತ್ತೆ ಶುರುವಾಗಲಿ ಎಂದು ಬೇಡಿಕೊಂಡೆ.

ಶಹಾಪುರದಿಂದ ಹೊರಟಾಗ

ನಾನು ಸುರಪುರದ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುತ್ತೇನೆ. ಮನೆ ಶಹಾಪುರದಲ್ಲಿ. ಶರಣು ನನ್ನ ಕಬಡ್ಡಿ ತಂಡದ ಹುಡುಗ. ಎದುರಾಳಿಯನ್ನು ಸೊಂಟಕ್ಕೆ ಹಿಡಿದನೆಂದರೆ ಬಿಡುವವನಲ್ಲ. ಪುಣೆಯಲ್ಲಿ ನಡೆದ, ಬಲೆಯ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಲಕ್ರಾಸ್ ಆಟದ ಶಿಬಿರಕ್ಕೆ ಅವನನ್ನು ಕುತೂಹಲಕ್ಕೆಂದು ಕರೆದುಕೊಂಡು ಹೋಗಿದ್ದೆ. ಅಲ್ಲಿಗೆ ಬಂದಿದ್ದ ಕೆನಡಾದ ತರಬೇತುದಾರನೊಬ್ಬ ಇವನು ಜನರನ್ನು ತಡೆಯುವ ರೀತಿಗೆ ಬೆರಗಾಗಿ, ಒಂದು ಹಂಗಾಮಿಗೆ ತಮ್ಮ ವೃತ್ತಿಪರ ತಂಡಕ್ಕೆ ಕರೆದ. ಜೊತೆಗೆ ಒಬ್ಬರು ಬರಬಹುದು ಎಂದ.

ಪಾಸ್‌ಪೋರ್ಟು ಕೈಗೆ ಬಂದ ಮೇಲೂ ನೀಲಮ್ಮ ಒಪ್ಪಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಗೋಗಿ ಬಸ್‌ಸ್ಟ್ಯಾಂಡಿನ ಎದುರಿನ ಕಿರಾಣಿ ಅಂಗಡಿಯನ್ನು ಒಬ್ಬರೇ ನಡೆಸುವ ಹೆಂಗಸು. ಮಾತು ಕಡಿಮೆ.

"ಅದೇನ್ ಆಟರಿ ಸರ್ರ? ಕೋಲಿಲೆ ಹೊಡಿತಾರಂತ?"

"ಕೋಲು ಚೆಂಡು ಹಿಡಿಯಾಕ್ರಿ ಅಕ್ಕಾರ."

"ನಾ ಫೋನ್‌ನ್ಯಾಗ ನೋಡೀನ್ರಿ. ಹೊಡಿಯಾಕತ್ತಿದ್ರು."

ಸುಳ್ಳು ಹೇಳುವ ಹಾಗಿರಲಿಲ್ಲ. ಅವನನ್ನು ಹ್ಯಾಗೆ ಕರೆದುಕೊಂಡು ಹೋಗುತ್ತೇನೋ ಹಾಗೇ ತಂದು ನಿಮ್ಮ ಅಂಗಡಿ ಮುಂದೆ ಇಳಿಸುತ್ತೇನೆ ಎಂದೆ. ಅವರು ಮಗನ ಕೊರಳಿನಲ್ಲಿದ್ದ, ಲಿಂಗ ಕಟ್ಟಿದ ಶಿವದಾರ ಜಗ್ಗಿ, ಗಟ್ಟಿ ಇದೆಯೇ ಎಂದು ಪರೀಕ್ಷಿಸಿ, "ಇದನ್ನ ಎಲ್ಲೂ ತಗೀಬ್ಯಾಡ" ಎಂದಷ್ಟೇ ಹೇಳಿದರು.

ಸರೋವರದ ಊರು

ನಾವಿದ್ದ ಊರು ಸಮುದ್ರದಂತೆ ಕಾಣುವ ಒಂದು ಸರೋವರದ ದಂಡೆಯಲ್ಲಿತ್ತು. ಡಿಸೆಂಬರಿನಲ್ಲಿ ಆ ನೀರಿನ ಅಂಚು ಹೆಪ್ಪುಗಟ್ಟಿ ಕಟಕಟ ಎನ್ನುತ್ತಿತ್ತು. ಶರಣು ಅದರ ಮೇಲೆ ಕಾಲಿಡಲು ಹೋದಾಗ ನಾನು ಅಂಗಿ ಹಿಡಿದು ಎಳೆದೆ. "ಕೃಷ್ಣಾ ಹೊಳಿ ಹಿಂಗ ಗಟ್ಟಿಯಾಗಿದ್ರ ಕಕ್ಕೇರಾ ಮಂದಿ ನಡಕೋತ ರಾಯಚೂರಿಗೆ ಹೋಗ್ತಿದ್ರು ನೋಡ್ರಿ" ಎಂದು ನಗಾಡಿದ. ನನಗೆ ನಗು ಬರಲಿಲ್ಲ. ಆ ದೇಶದಲ್ಲಿ ಯಾವುದು ನೆಲ, ಯಾವುದು ನೀರು ಎಂಬುದೇ ತಿಳಿಯುತ್ತಿರಲಿಲ್ಲ.

ಅಂಗಣವೂ ಹಾಗೆಯೇ. ಕೆಳಗೆ ಮಂಜುಗಡ್ಡೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಹಸಿರು ಹಾಸು, ಸುತ್ತ ಎದೆಮಟ್ಟದ ಗೋಡೆ. ಆಟಗಾರರು ಒಂದು ನಿಮಿಷ ಆಡುವಷ್ಟರಲ್ಲಿ ದಣಿದು ಒಳಗೆ ಬರುತ್ತಾರೆ, ಬೇರೆಯವರು ಹೊರಗೆ ಓಡುತ್ತಾರೆ. ಅವರಿಗಾಗಿ ಗೋಡೆಯಲ್ಲಿ ಸಣ್ಣ ಬಾಗಿಲುಗಳಿವೆ. ನನ್ನನ್ನು ಸುಮ್ಮನೆ ಕೂರಿಸಬಾರದೆಂದು ತಡೆಯುವ ಆಟಗಾರರ ಬಾಗಿಲಿಗೆ ಹಾಕಿದರು. ತಡವಾಗಿ ತೆಗೆದರೆ ಒಬ್ಬ ಕಡಿಮೆಯಾಗುತ್ತಾನೆ. ತೆಗೆದು ಹಾಗೇ ಬಿಟ್ಟರೆ ಯಾರದಾದರೂ ಪಕ್ಕೆಲುಬು ಹೋಗುತ್ತದೆ. ನಾನು ಅಗುಳಿಯಿಂದ ಕೈ ತೆಗೆಯುತ್ತಿರಲಿಲ್ಲ.

ತಂಡದವರೆಲ್ಲ ವಾರವಿಡೀ ಬೇರೆ ಕೆಲಸ ಮಾಡುವವರು. ನಮ್ಮನ್ನು ಮನೆಯಲ್ಲಿ ಇಟ್ಟುಕೊಂಡಿದ್ದ ಡ್ಯಾನ್ ಸಣ್ಣ ಮಕ್ಕಳ ಶಾಲೆಯ ಮಾಸ್ತರ. ಶುಕ್ರವಾರದ ತನಕ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಶನಿವಾರ ಗೋಡೆಗೆ ಜನರನ್ನು ಅಪ್ಪಳಿಸುತ್ತಿದ್ದ. ಬೀದಿಯಲ್ಲಿ ನಾನೇ ಅವರ ಕಾಲು ತುಳಿದರೂ ಅವರೇ ಕ್ಷಮಿಸಿ ಎನ್ನುವ ಜನ. ಅಂಗಣದೊಳಗೆ ಮಾತ್ರ ಯಾರೂ ಯಾರಿಗೂ ಕ್ಷಮಿಸಿ ಎಂದದ್ದು ನಾನು ಕೇಳಲಿಲ್ಲ.

ಮೊದಲ ವಾರದಲ್ಲೇ ಒಂದು ಪೇಚು. ಬಟ್ಟೆ ಬದಲಿಸುವ ಕೋಣೆಯಲ್ಲಿ ಶರಣು ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಬಿಚ್ಚಿ ಎಲ್ಲರಿಗೂ ಹಂಚಲು ಹೊರಟ. ಒಬ್ಬ ಆಟಗಾರ ಎದ್ದು ಹೊರಗೋಡಿದ. ಉಳಿದವರು ಬೆಂಚು, ಬಾಗಿಲ ಹಿಡಿ, ನೆಲ ಎಲ್ಲವನ್ನೂ ಒರೆಸಿದರು. ಓಡಿದವನಿಗೆ ಶೇಂಗಾದ ಪುಡಿ ತಾಗಿದರೂ ಗಂಟಲು ಊದಿ ಉಸಿರು ಕಟ್ಟುತ್ತದಂತೆ.

"ಶೇಂಗಾ ತಿಂದು ಯಾರರ ಸಾಯ್ತಾರೇನ್ರಿ ಸರ್ರ?" ಶರಣು ಮುಖ ಸಣ್ಣದು ಮಾಡಿಕೊಂಡು ಕೇಳಿದ. ನಾನು ಅಂದಿನಿಂದ ಆ ಊರಿನ ಪ್ರತಿಯೊಂದು ವಸ್ತುವನ್ನೂ ಅನುಮಾನದಿಂದ ನೋಡತೊಡಗಿದೆ.

ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆಯ ವಿಷಯ ಬಂದದ್ದು ಆಮೇಲೆ. ಸರ, ಉಂಗುರ ಯಾವುದನ್ನೂ ಹಾಕಿಕೊಂಡು ಆಡುವ ಹಾಗಿಲ್ಲ. ಇದು ಆಭರಣವಲ್ಲ, ಒಳಗೆ ಲಿಂಗವಿದೆ, ಮೈಯಿಂದ ಅಗಲಿಸುವುದಿಲ್ಲ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಗೇಲಿ ಮಾಡಲಿಲ್ಲ. ಸಾಮಾನು ನೋಡಿಕೊಳ್ಳುವ ಮುದುಕ ಒಂದು ಸ್ಪಂಜಿನ ತುಂಡನ್ನು ಅಳತೆಗೆ ಕೊರೆದು, ಕರಡಿಗೆಯನ್ನು ಅದರಲ್ಲಿ ಕೂರಿಸಿ, ಎದೆಗೆ ಪಟ್ಟಿ ಅಂಟಿಸಿದ. ಶರಣು ನನ್ನ ಕಡೆ ನೋಡಿ, "ಅವ್ವಗ ಹೇಳ್ರಿ, ದೇವರಿಗೂ ಗಾದಿ ಹಾಕ್ಯಾರ" ಎಂದ.

ಹಸಿರು ಹಾಸಿನ ಮೇಲೆ

ನಮ್ಮ ಮೈದಾನದಲ್ಲಿ ಒಬ್ಬ ಬಿದ್ದರೆ ಇಡೀ ಊರು ಅವನ ಮೇಲಿರುತ್ತದೆ. ಒಬ್ಬ ಮುಖಕ್ಕೆ ನೀರು ಗೊಜ್ಜುತ್ತಾನೆ, ಒಬ್ಬ ಅಂಗಾಲು ತಿಕ್ಕುತ್ತಾನೆ, ಇನ್ನೊಬ್ಬ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಾನೆ. ಅಲ್ಲಿ ಎರಡೂ ತಂಡದವರು ಇದ್ದಲ್ಲೇ ಒಂದು ಮೊಣಕಾಲೂರಿ ಕೂತುಬಿಟ್ಟರು. ಯಾರೂ ಹತ್ತಿರ ಬರಲಿಲ್ಲ. ಇವರಿಗೆ ಕರುಳೇ ಇಲ್ಲವೇ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಅದು ಅವರ ಪದ್ಧತಿ, ಗಾಳಿಗೆ ಜಾಗ ಬಿಡುವ ರೀತಿ ಎಂದು ಡ್ಯಾನ್ ಮರುದಿನ ಹೇಳಿದ.

ನಾನು ಓಡಿದೆ. ತಂಡದ ಆರೈಕೆ ನೋಡುವ ಮೇಗನ್ ನನಗಿಂತ ಮೊದಲೇ ತಲುಪಿದ್ದಳು. ಕುತ್ತಿಗೆ ಮುಟ್ಟಿ, "ನಾಡಿಯಿಲ್ಲ" ಎಂದಳು. ಎಷ್ಟು ಮೆಲ್ಲಗೆ ಎಂದರೆ ನನಗೆ ಮಾತ್ರ ಹೇಳಿದ ಹಾಗಿತ್ತು. ಎದೆ ಒತ್ತಲು ಶುರುಮಾಡಿದಳು. ಇನ್ನೊಬ್ಬ ಹೃದಯಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆ ತಂದು ಅಂಗಿ ಸೀಳಿದ. ಪಟ್ಟಿ ಕಿತ್ತ. ಸ್ಪಂಜು ಹಾರಿತು. ಬೆಳ್ಳಿಯ ಕರಡಿಗೆ ಅವಳ ಅಂಗೈಗಳ ನಡುವೆ ಜಾರಾಡತೊಡಗಿತು.

"ಇದನ್ನು ತೆಗೆಯಿರಿ! ಬೇಗ!"

ದಾರವನ್ನು ತಲೆಯ ಮೇಲಿಂದ ತೆಗೆಯಲು ನೋಡಿದೆ. ಶಿರಸ್ತ್ರಾಣಕ್ಕೆ ಸಿಕ್ಕಿಕೊಂಡಿತು. ಕುತ್ತಿಗೆ ಅಲುಗಿಸಬೇಡ ಎಂದು ಅವಳು ಕೂಗಿದಳು. ಯಾರೋ ನನ್ನ ಕೈಗೆ ಕತ್ತರಿ ತುರುಕಿದರು.

ನನ್ನ ಎದೆಯ ಮೇಲೂ ಲಿಂಗವಿದೆ. ಸ್ನಾನದಲ್ಲೂ ನಿದ್ದೆಯಲ್ಲೂ ಅಗಲಿದ್ದಿಲ್ಲ. ಸತ್ತ ಮೇಲೂ ಜೊತೆಗೇ ಮಣ್ಣಿಗೆ ಹೋಗಬೇಕೆಂದು ಕೇಳಿಕೊಂಡು ಬೆಳೆದವನು. ಆ ಕತ್ತರಿ ಹಿಡಿದಾಗ ನಾನು ಏನು ಯೋಚಿಸಿದೆ ಎಂದು ಜನ ಕೇಳುತ್ತಾರೆ. ಏನೂ ಯೋಚಿಸಲಿಲ್ಲ. ಕತ್ತರಿಸಿದೆ. ಆಮೇಲೆ ಕರಡಿಗೆಯನ್ನು ಅವನ ಎಡಗೈಯಲ್ಲಿಟ್ಟು ಬೆರಳು ಮಡಚಿದೆ. ಅಂಗೈಯೂ ಲಿಂಗಕ್ಕೆ ಸಲ್ಲುವ ಜಾಗವೇ ತಾನೆ.

"ಯಾರೂ ಮುಟ್ಟಬೇಡಿ!" ಎಂದ ಪೆಟ್ಟಿಗೆ ತಂದವನು.

ಕೈ ಬಿಟ್ಟೆ. ಪೆಟ್ಟಿಗೆ ಗುಯ್‌ಗುಟ್ಟಿತು. ಅವನ ಮೈ ಒಮ್ಮೆ ಸೆಟೆದು ಬಿತ್ತು. ಬೆರಳು ಬಿಚ್ಚಿ ಕರಡಿಗೆ ಹಸಿರು ಹಾಸಿನ ಮೇಲೆ ಉರುಳುತ್ತ ಹೋಗಿ ಒಬ್ಬ ಎದುರಾಳಿಯ ಮೊಣಕಾಲಿಗೆ ತಾಗಿ ನಿಂತಿತು. ಚೆಂಡು ಎಸೆದವನು ಅವನೇ. ಅವನು ಅದನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು ಕೂತ.

ಮೇಗನ್ ಮತ್ತೆ ಒತ್ತಿದಳು. ನಾನು ಶರಣುವಿನ ಬಾಯಿಯನ್ನೇ ನೋಡುತ್ತಿದ್ದೆ. ತುಟಿಯ ಬಣ್ಣ ಬೂದಿ. ಆ ಬಣ್ಣ ಈಗಲೂ ನನಗೆ ಎಲ್ಲೆಂದರಲ್ಲಿ ಕಾಣುತ್ತದೆ, ಹಳೆಯ ಸಿಮೆಂಟಿನಲ್ಲಿ, ಒಣಗಿದ ಜೋಳದ ದಂಟಿನಲ್ಲಿ. ಆಮೇಲೆ ಅವನ ಗಂಟಲಿನಿಂದ ಗೊರಗೊರ ಸದ್ದು ಬಂತು. ಒಂದು ಉಸಿರು.

ಅವನನ್ನು ಎತ್ತಿಕೊಂಡು ಹೋಗುವಾಗ ಆಟಗಾರರೆಲ್ಲ ಕೋಲುಗಳಿಂದ ನೆಲ ಕುಟ್ಟಿದರು. ಬಿದ್ದವನಿಗೆ ಅವರು ಹೇಳುವ ಧೈರ್ಯ ಅದು. ನನಗೆ ಶವದ ಮುಂದೆ ಬಾರಿಸುವ ಹಲಗೆಯ ಹಾಗೆ ಕೇಳಿಸಿತು. ಚೆಂಡು ಎಸೆದವನು ಹಿಂದೆಯೇ ಬಂದು ಕರಡಿಗೆಯನ್ನು ನನ್ನ ಕೈಗಿಟ್ಟ.

ಆಂಬುಲೆನ್ಸಿನಲ್ಲಿ ಫೋನು ಬಡಿದುಕೊಂಡಿತು.

"ಸರ್ರ, ಆಟ ನಿಂತ್ ಬಿಟ್ಟೈತ್ರಿ. ಬರೇ ಜಾಹೀರಾತು ಬರಾಕತ್ತಾವ. ಶರಣ್ಯಾ ಬಿದ್ದದ್ದು ನೋಡೀನಿ. ಎದ್ದಾನೇನ್ರಿ?"

"ಎದ್ದಿಲ್ರಿ ಅಕ್ಕಾರ. ಉಸಿರಾಡಾಕತ್ತಾನ. ದವಾಖಾನಿಗೆ ಹೊಂಟೀವಿ."

"ಲಿಂಗ ಮೈಮ್ಯಾಗ ಐತಿಲ್ರಿ?"

"ಇಲ್ರಿ. ನಾನ ದಾರ ಕತ್ತರಿಸೀನಿ. ನನ್ನ ಕೈಯಾಗೈತಿ."

ಅಂಗಡಿಯ ಮುಂದೆ ಯಾರೋ "ಯಕ್ಕಾ, ಚಾಪುಡಿ ಕೊಡು, ಜಲ್ದಿ" ಎಂದದ್ದು ಕೇಳಿತು. ಫೋನು ಕಟ್ಟಾಯಿತು.

ಆಸ್ಪತ್ರೆ, ನಾಲ್ಕನೇ ಮಹಡಿ

ಮರುದಿನ ಕಣ್ಣು ಬಿಟ್ಟ ಶರಣು ಕೇಳಿದ ಮೊದಲ ಮಾತು, "ಗೆದ್ದೀವೇನ್ರಿ ಸರ್ರ?"

"ಆಟ ನಿಲ್ಲಿಸ್ಯಾರಲೇ."

"ಯಾಕ್ರಿ? ಒಬ್ಬ ಬಿದ್ರ ಇನ್ನೊಬ್ಬ ಬರ್ತಾನಿಲ್ರಿ?"

ಕೆನ್ನೆಗೆ ಒಂದು ಬಿಡಬೇಕೆನಿಸಿತು. ಅವನ ಕಾಲು ಹಿಡಿದುಕೊಂಡು ಕೂತೆ.

ಅವನ ಹೃದಯದ ಮೇಲೆ ಎಲ್ಲ ಯಂತ್ರಗಳನ್ನೂ ಓಡಿಸಿ ನೋಡಿದರು. ಒಂದು ಕಲೆಯೂ ಇಲ್ಲ. ಎದೆಯ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂದು ಚಿಕ್ಕ ಸಂದು ಇರುತ್ತದಂತೆ. ಸರಿಯಾಗಿ ಆ ಸಂದಿನಲ್ಲಿ, ಸರಿಯಾಗಿ ಆ ಜಾಗಕ್ಕೆ ಪೆಟ್ಟು ಬಿದ್ದರೆ ಗಟ್ಟಿ ಹೃದಯವೂ ಗಲಿಬಿಲಿಗೊಳ್ಳುತ್ತದೆ. ಪೆಟ್ಟಿನ ಕಂದು ಗುರುತು ಕರಡಿಗೆ ಇದ್ದ ಜಾಗದಿಂದ ಎರಡು ಬೆರಳು ಆಚೆ ಇತ್ತು. ಕರಡಿಗೆ ಪೆಟ್ಟನ್ನು ತಡೆಯಿತೇ, ತಿರುಗಿಸಿತೇ, ಏನೂ ಮಾಡಲಿಲ್ಲವೇ ಎಂದು ಡಾಕ್ಟರನ್ನು ಕೇಳಿದೆ. "ಗೊತ್ತಿಲ್ಲ" ಎಂದರು. ಆ ದೇಶದಲ್ಲಿ ಡಾಕ್ಟರುಗಳು ಗೊತ್ತಿಲ್ಲ ಎನ್ನುತ್ತಾರೆ. ನಮ್ಮ ಕಡೆ ಏನಾದರೂ ಒಂದು ಹೆಸರು ಹೇಳಿ ಮನೆಗೆ ಕಳಿಸುತ್ತಾರೆ, ಅದರಲ್ಲೊಂದು ನೆಮ್ಮದಿಯಿದೆ.

ರೋಗವಾಗಿದ್ದರೆ ಕಾವಲು ಕಾಯಬಹುದಿತ್ತು. ಒಂದು ಸಂದನ್ನು ಹೇಗೆ ಕಾಯುವುದು?

ಕರಡಿಗೆಯನ್ನು ಅವನ ಕೈಗೆ ಕೊಟ್ಟೆ. ನರ್ಸ್ ಗಾಯಕ್ಕೆ ಕಟ್ಟುವ ಬಿಳಿ ಬಟ್ಟೆಯ ಪಟ್ಟಿಯನ್ನು ಹರಿದು ಕೊಟ್ಟಳು. ಅದನ್ನೇ ದಾರ ಮಾಡಿ ಕಟ್ಟಿಕೊಂಡ. ಅವ್ವನೊಂದಿಗೆ ಫೋನಿನಲ್ಲಿ ಮಾತಾಡಿ, ನಕ್ಕು, ಉಂಡೆಯಾ ಎಂದು ಕೇಳಿಸಿಕೊಂಡ. "ಸರ್‌ಗೆ ಕೊಡ್ಲೇನವ್ವಾ?" ಎಂದ. ಅವರು ಬೇಡ ಎಂದರಂತೆ.

ಅವತ್ತಿನಿಂದ ಹಂಗಾಮು ಮುಗಿಯುವ ತನಕ ನೀಲಮ್ಮ ನನ್ನೊಂದಿಗೆ ಮಾತಾಡಲಿಲ್ಲ.

ಮತ್ತೆ ಬಾಗಿಲ ಬಳಿ

ವೈದ್ಯರು ವಿಮಾನ ಹತ್ತಲು ಒಪ್ಪುವವರೆಗೆ ನಾವು ಅಲ್ಲೇ ಇರಬೇಕಾಯಿತು. ಡ್ಯಾನ್ ಮನೆಯ ಒಂದೇ ಕೋಣೆಯಲ್ಲಿ ಇಬ್ಬರೂ ಮಲಗುತ್ತಿದ್ದೆವು. ಕಣ್ಣು ಮುಚ್ಚಿದರೆ ಅಂಗಣದ ಆ ಸಂಗೀತ ನನ್ನ ಕಿವಿಯಲ್ಲಿ ಮತ್ತೆ ನಿಲ್ಲುತ್ತಿತ್ತು. ನಾನು ಎದ್ದು ಅವನ ಎದೆ ಏಳುತ್ತದೆಯೋ ಎಂದು ನೋಡುತ್ತಿದ್ದೆ. ಹೊದಿಕೆ ದಪ್ಪ, ಏನೂ ಕಾಣುತ್ತಿರಲಿಲ್ಲ. ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದೆ.

"ಸರ್ರ, ನಿಮ್ಮ ಬೆರಳು ಬರ್ಫ ಆಗ್ಯಾವ. ನಾ ಹಿಂಗ ಸಾಯ್ಲಿಲ್ಲ ಅಂದ್ರ ಥಂಡಿಗೆ ಸಾಯ್ತೀನಿ."

ಉಳಿದ ಪಂದ್ಯಗಳಿಗೂ ಹೋದೆವು. ತಂಡ ಶರಣುವಿಗೆ ದೊಡ್ಡ ಕೋಟು ಹಾಕಿಸಿ ಬೆಂಚಿನ ತುದಿಯಲ್ಲಿ, ನನ್ನ ಪಕ್ಕದಲ್ಲೇ ಕೂರಿಸಿತು. ಮೊದಲ ಪಂದ್ಯದಲ್ಲಿ ಡ್ಯಾನ್ ಬಾಗಿಲಿಗೆ ಬಂದು ನಿಂತ. "ತೆಗಿ!" ಎಂದ. ನನ್ನ ಕೈ ಅಗುಳಿಯ ಮೇಲಿತ್ತು. ತೆಗೆಯಲಾಗಲಿಲ್ಲ. ಮಗ್ಗಿ ಕಲಿಸುವ ಈ ಮನುಷ್ಯನ ಮುಖದಲ್ಲಿ ಬೂದಿ ಬಣ್ಣದ ತುಟಿ ಕಂಡಿತು. "ತೆಗಿ ಮಾರಾಯಾ!" ಹಿಂದಿನಿಂದ ಇನ್ನಿಬ್ಬರು ಕೂಗಿದರು. ಶರಣು ಬಾಗಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಾಗಿಲು ತೆಗೆದ. ಡ್ಯಾನ್ ಹಾರಿ ಹೋದ. ಅಷ್ಟರಲ್ಲಿ ಎದುರಾಳಿಗಳು ಒಂದು ಗೋಲು ಹೊಡೆದಾಗಿತ್ತು.

"ಸರ್ರ, ನೀವು ಇಲ್ಲಿ ಸರಕೊಳ್ರಿ. ನಾ ತಗೀತೀನಿ," ಎಂದ. ಆಮೇಲಿನ ಪಂದ್ಯಗಳಲ್ಲೆಲ್ಲ ಬಾಗಿಲು ಅವನದೇ. ನಾನು ನೀರಿನ ಬಾಟಲಿ ಹಂಚಿದೆ.

ಮುಂದಿನ ವರ್ಷವೂ ಅವನ ಜಾಗ ಖಾಲಿ ಇರುತ್ತದೆ, ಹೃದಯ ಸರಿಯಿರುವುದರಿಂದ ಆಡಬಹುದು ಎಂದರು ತರಬೇತುದಾರ. ಶರಣು ನನ್ನ ಮುಖ ನೋಡಿದ. ನಾನು ಕಿಟಕಿಯ ಹೊರಗೆ ಕರಗುತ್ತಿದ್ದ ಹಿಮ ನೋಡಿದೆ.

ಗುರುಮಠಕಲ್ ದಾರಿ

ಹೈದರಾಬಾದಿನಲ್ಲಿ ಇಳಿದು ಬಸ್ಸು ಹಿಡಿದೆವು. ಬಿಸಿಲು ಮುಖಕ್ಕೆ ಹೊಡೆದಾಗ ಶರಣು ಬಾಯಿ ತೆರೆದು ಅದನ್ನು ಕುಡಿಯುವವನಂತೆ ನಿಂತ. ಗುರುಮಠಕಲ್ ದಾಟಿದ ಮೇಲೆ ರಾಮಸಮುದ್ರದ ಹತ್ತಿರ ಎಮ್ಮೆಗಳು ಅಡ್ಡ ಬಂದವು. ಡ್ರೈವರ್ ಬ್ರೇಕು ಹಾಕಿದ. ಶರಣುವಿನ ಎದೆ ಮುಂದಿನ ಸೀಟಿನ ಕಬ್ಬಿಣಕ್ಕೆ ತಾಗಿತು.

"ನಿಲ್ಲಸ್ರಿ! ಬಸ್ ನಿಲ್ಲಸ್ರಿ!" ನಾನು ಎದ್ದು ನಿಂತು ಚೀರಿದೆ.

"ನಿಂತೈತಲ್ರಿ ಯಪ್ಪಾ," ಎಂದ ಡ್ರೈವರ್. "ಎಮ್ಮಿಗೆ ಹೇಳ್ರಿ ಏನ್ ಹೇಳೂದೈತಿ."

ಬಸ್ಸು ಗೊಳ್ಳೆಂದಿತು. ಹಿಂದಿನ ಸೀಟಿನ ಮುದುಕಿಯೊಬ್ಬಳು ನನ್ನನ್ನು ನೋಡಿ, "ಪಾಪ, ಬಿಸಿಲಿಗೆ ಹಿಂಗಾಗ್ಯಾನ" ಎಂದಳು. ಶರಣು ನನ್ನ ಅಂಗಿ ಜಗ್ಗಿ ಕೂರಿಸಿ, "ಜೀವಂತ ಅದೀನ್ರಿ ಸರ್ರ, ಕುಂದುರ್ರಿ" ಎಂದು ಕಿವಿಯಲ್ಲಿ ಹೇಳಿದ. ಅವನ ಮಣಿಕಟ್ಟನ್ನು ಯಾದಗಿರಿಯವರೆಗೂ ಬಿಡಲಿಲ್ಲ. ನಾಡಿ ನನ್ನ ಬೆರಳ ಕೆಳಗೇ ಹೊಡೆದುಕೊಳ್ಳುತ್ತಿತ್ತು.

ಮಾತು ಕೊಟ್ಟ ಹಾಗೆ ಅವನನ್ನು ಅಂಗಡಿಯ ಮುಂದೆಯೇ ಇಳಿಸಿದೆ. ನೀಲಮ್ಮ ತಕ್ಕಡಿ ಬಿಟ್ಟು ಬಂದು ಮಗನ ಎದೆಯ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ನನಗೆ ನೀರು, ಬೆಲ್ಲ ಕೊಟ್ಟರು. ಆಗಲೂ ಮಾತಾಡಿಸಲಿಲ್ಲ.

ಗೋಗಿ

ಶಹಾಪುರದ ನನ್ನ ಮನೆಯಲ್ಲಿ ನಿದ್ದೆ ಇನ್ನೂ ಕೆಟ್ಟಿತು. ಡ್ಯಾನ್ ಮನೆಯಲ್ಲಿ ಬೆರಳು ಹಿಡಿದು ನೋಡಲು ಅವನ ಮೂಗಾದರೂ ಇತ್ತು. ದಿನಾ ನಸುಕಿನಲ್ಲಿ ಶರಣುವಿಗೆ ಫೋನು ಮಾಡುತ್ತಿದ್ದೆ. ಅವನು "ಅದೀನ್ರಿ" ಎಂದು ಇಟ್ಟುಬಿಡುತ್ತಿದ್ದ. ಒಂದು ದಿನ ಫೋನು ಎತ್ತಿದ್ದು ನೀಲಮ್ಮ.

"ದಿನಾ ಫೋನ್ ಮಾಡೋ ಬದ್ಲಿ ಇಲ್ಲೇ ಬಂದ್ ಬಿಡ್ರಿ. ಇವತ್ತ ಬರ್ರಿ."

ಬಯ್ಯಲು ಕರೆಯುತ್ತಿದ್ದಾರೆ ಎಂದುಕೊಂಡೆ. ಸಂಜೆ ಆಟೋದಲ್ಲಿ ಇತರರೊಂದಿಗೆ ಇಕ್ಕಟ್ಟಾಗಿ ಕೂತು ಹೋದೆ. ಅಂಗಡಿಯ ಮೇಲಿನ ತೆರೆದ ಮಾಳಿಗೆಯಲ್ಲಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಉಂಡ ಮೇಲೆ ಶರಣು ತಾಟು ತೊಳೆಯಲು ಕೆಳಗಿಳಿದ.

"ಸರ್ರ, ಆವತ್ತ ಫೋನ್ ಯಾಕ ಇಟ್ಟೆ ಗೊತ್ತೇನ್ರಿ?"

"ನಾ ದಾರ ಕತ್ತರಿಸಿದ್ದಕ್ಕ ಸಿಟ್ಟಾಗೀರಿ."

"ಸಿಟ್ಟಲ್ರಿ." ಅವರು ಸೆರಗಿನ ಅಂಚನ್ನು ಮಡಚಿದರು, ಬಿಚ್ಚಿದರು. "ಮಗ ಸಾಯಾಕತ್ತಾನ, ನಾ ಲಿಂಗ ಎಲ್ಲೈತಿ ಅಂತ ಕೇಳೀನಿ. ಕೇಳಿದ ಮ್ಯಾಲ ನನಗಾ ನಾಚಿಕಿ ಬಂತು. ನಿಮಗ ಹ್ಯಾಂಗ ಮಾರಿ ತೋರಿಸ್ಲಿ, ಹ್ಯಾಂಗ ಮಾತಾಡ್ಲಿ? ನಿಮ್ಮ ಜಾಗಾದಾಗ ನಾ ಇದ್ರ ಕತ್ತರಿ ಹಿಡಿಯಾಕ ನನ್ನ ಕೈ ಬರ್ತಿದ್ದಿಲ್ರಿ. ನನ್ನ ಮಗ ಹೋಗ್ತಿದ್ದ."

ಕೆಳಗೆ ತಾಟುಗಳು ಸದ್ದು ಮಾಡುತ್ತಿದ್ದವು.

"ನೀವೂ ಮಲಗೂದಿಲ್ಲ ಅಂತ ಶರಣ್ಯಾ ಹೇಳ್ಯಾನ," ಎಂದರು. "ನಾನೂ ಅಷ್ಟಾ. ಅವನ ಬಾಯಿ ಹತ್ರ ಕಿವಿ ಇಟ್ಕೊಂಡು ಕುಂದುರ್ತೀನಿ. ಇವತ್ತ ಪಾಳಿ ಹಚ್ಚೋಣು. ಮೊದಲಿಂದು ನಂದು. ನಿಮ್ಮ ಪಾಳಿಗೆ ಎಬ್ಬಸ್ತೀನಿ. ಮಲಗ್ರಿ."

ಮೇಲೆ ಬಂದ ಶರಣು ನಮ್ಮಿಬ್ಬರನ್ನೂ ನೋಡಿ, "ಎರಡು ಕಾವಲಾ? ನಾ ಏನ್ ಕಳ್ಳೇನು?" ಎಂದು ಗೊಣಗುತ್ತ ಚಾಪೆ ಹಾಸಿದ. ನನ್ನ ಪಾಳಿ ಬಂದಾಗ ಏಳಬೇಕಲ್ಲ ಎಂದು ನಾನು ಒಂದು ಮಗ್ಗುಲಾಗಿ ಮಲಗಿದೆ.

ಕಣ್ಣು ಬಿಟ್ಟಾಗ ಬಿಸಿಲು ಮುಖದ ಮೇಲಿತ್ತು. ಪಕ್ಕದ ಚಾಪೆ ಖಾಲಿ. ಎದ್ದು ಮೆಟ್ಟಿಲ ಕಡೆ ಓಡಿದೆ. ಶರಣು ಎರಡು ಲೋಟ ಚಹಾ ಹಿಡಿದು ಮೇಲೆ ಬರುತ್ತಿದ್ದ.

"ನಿಲ್ರಿ, ನಿಲ್ರಿ, ಚಾ ಚೆಲ್ತೈತಿ!"

"ನನ್ನ ಪಾಳಿಗೆ ಯಾಕ ಎಬ್ಬಸಲಿಲ್ಲ?"

"ಅವ್ವ ಎಬ್ಬಸಾಕ ಬಂದಿದ್ಳ್ರಿ. ನಿಮ್ಮ ಗೊರಕಿ ಕೇಳಿ ಬಿಟ್ಟಳು. ಆಮ್ಯಾಗ ಕುಂತಲ್ಲೇ ಆಕಿನೂ ಮಲಗಿ ಬಿಟ್ಟಳು. ಅಲ್ಲಿ ನೋಡ್ರಿ."

ನೀಲಮ್ಮ ಗೋಡೆಗೆ ಒರಗಿ, ಬಾಯಿ ಸ್ವಲ್ಪ ತೆರೆದು, ಬಿಸಿಲಿನಲ್ಲೇ ನಿದ್ದೆ ಹೋಗಿದ್ದರು. ಕೆಳಗೆ ಯಾರೋ ಗಿರಾಕಿ ಶಟರ್ ಬಡಿಯುತ್ತಿದ್ದ.

"ಮತ್ತ ರಾತ್ರಿ ನಿನ್ನ ಯಾರ್ ನೋಡಿದ್ರಲೇ?"

"ಯಾರೂ ಇಲ್ರಿ," ಎಂದು ಅವನು ನನ್ನ ಕೈಗೆ ಲೋಟ ಕೊಟ್ಟ.